ಲಸಿಕೆ ಪಡೆದವರನ್ನಷ್ಟೇ ಕಚೇರಿಗೆ ಕರೆಸಿದ್ದು ಸರಿಯೇ?

ಕೊರೊನಾ ಕಾಲದಲ್ಲಿ, 2021ರಲ್ಲಿ, ಎರಡು ಡೋಸ್ ಲಸಿಕೆ ಆದವರನ್ನಷ್ಟೇ ಕಂಪನಿಗಳು ಒಳಗೆ ಬಿಟ್ಟುಕೊಂಡದ್ದು ನ್ಯಾಯವೇ ಎಂದು ಕೇಳಿದ್ದೀರಿ. ಆಗ ನಾನು ಬೆಂಗಳೂರಿನ ಒಂದು ಕಂಪನಿಯ ಮಾನವ ಸಂಪನ್ಮೂಲ ವಿಭಾಗದಲ್ಲಿದ್ದೆ. ಲಸಿಕೆ ಹಾಕಿಸಿಕೊಳ್ಳಿ ಎಂದು ನೌಕರರ ಬೆನ್ನುಬಿದ್ದದ್ದು ಸರಿ. ಆದರೆ ಆ ಪ್ರಮಾಣಪತ್ರವೊಂದೇ ಗೇಟ್ ಪಾಸ್ ಆದದ್ದನ್ನು ನಾನು ಒಪ್ಪುವುದಿಲ್ಲ.

ದಿನಾಂಕಗಳನ್ನೇ ನೋಡಿ. 18 ದಾಟಿದ ಎಲ್ಲರಿಗೂ ಲಸಿಕೆ ಎಂದದ್ದು 2021ರ ಮೇ 1ರಿಂದ, ಅದೂ ಎರಡನೇ ಅಲೆಯ ನಡುವೆ, ಸಾಕಷ್ಟು ದಾಸ್ತಾನಿಲ್ಲದೆ. ಅದೇ ತಿಂಗಳು ಕೇಂದ್ರ ಸರ್ಕಾರ ಕೋವಿಶೀಲ್ಡ್ ಡೋಸ್‌ಗಳ ನಡುವೆ 12–16 ವಾರಗಳ ಅಂತರವಿರಬೇಕು ಎಂದು ಏರಿಸಿತು. ಜೂನ್ ಕೊನೆಗೆ ಮೊದಲ ಡೋಸ್ ಪಡೆದ ಹುಡುಗಿ ಎರಡನೆಯದಕ್ಕೆ ಸೆಪ್ಟೆಂಬರ್ ಕೊನೆಯವರೆಗೆ ಕಾಯಬೇಕು. ಪಕ್ಕದ ಮೇಜಿನವನಿಗೆ ಕೋವ್ಯಾಕ್ಸಿನ್ ಸಿಕ್ಕಿದ್ದರೆ ನಾಲ್ಕೇ ವಾರ. ಗರ್ಭಿಣಿಯರಿಗಂತೂ ಜುಲೈ ಆರಂಭದವರೆಗೆ ಅನುಮತಿಯೇ ಇರಲಿಲ್ಲ. ಇವರೆಲ್ಲರನ್ನೂ ‘ಲಸಿಕೆ ಪೂರ್ಣವಾಗದವರು’ ಎಂದು ಒಂದೇ ಪಟ್ಟಿಯಲ್ಲಿ ಬರೆದು ಮೇಲಕ್ಕೆ ಕಳಿಸುತ್ತಿದ್ದೆವು. ಓದುವವರ ಕಣ್ಣಿಗೆ ಎಲ್ಲರೂ ಮೊಂಡರೇ.

ಲಸಿಕೆಯಿಂದ ಆಸ್ಪತ್ರೆ ಸೇರುವವರ, ಸಾಯುವವರ ಸಂಖ್ಯೆ ಬಹಳ ತಗ್ಗಿತು, ಅದರಲ್ಲಿ ಅನುಮಾನ ಬೇಡ. ಸೋಂಕು ಹರಡುವುದನ್ನು ಅದು ಅಷ್ಟಾಗಿ ತಡೆಯಲಿಲ್ಲ. ಡಿಸೆಂಬರ್ 2ರಂದು ದೇಶದ ಮೊದಲ ಎರಡು ಓಮೈಕ್ರಾನ್ ಪ್ರಕರಣಗಳು ಪ್ರಕಟವಾದದ್ದು ನಮ್ಮ ರಾಜ್ಯದಲ್ಲೇ. ಇಬ್ಬರೂ ಎರಡು ಡೋಸ್ ಪಡೆದವರು. ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ ಬಂದಾಗ, ಕರೆಸಿಕೊಂಡವರನ್ನೆಲ್ಲ ಮತ್ತೆ ಮನೆಗೆ ಕಳಿಸಿದೆವು.

ಗೇಟಿನಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿದು, ಅಂಗೈಗೆ ಸ್ಯಾನಿಟೈಸರ್ ಸುರಿದು ಒಳಬಿಡುವ ಶಾಸ್ತ್ರ ನಡೆಯುತ್ತಿತ್ತು. ಅದೇ ಜನ ಬಂದಿಳಿದದ್ದು ಗಾಜು ಏರಿಸಿದ ಎಸಿ ಕ್ಯಾಬ್‌ನಿಂದ! ಮಧ್ಯಾಹ್ನ ಮಾಸ್ಕ್ ಕಳಚಿ ಒಂದೇ ಮೇಜಿನ ಸುತ್ತ ಊಟ. ಕ್ಯಾಬ್‌ನ ಕಿಟಕಿ ಇಳಿಸಬೇಕಿತ್ತು, ಊಟದ ಸರದಿ ಒಡೆಯಬೇಕಿತ್ತು, ಎಲ್ಲಕ್ಕಿಂತ ಮೊದಲು ಜ್ವರ ಬಂದವರಿಗೆ ಸಂಬಳ ಹಿಡಿಯದೆ ರಜೆ ಕೊಡಬೇಕಿತ್ತು. ಗುತ್ತಿಗೆಯ ಮೇಲಿದ್ದ ಹೌಸ್‌ಕೀಪಿಂಗ್ ಮಹಿಳೆಯರು ದಿನದ ಕೂಲಿ ಹೋದೀತೆಂದು ಕೆಮ್ಮು ಅದುಮಿಕೊಂಡೇ ಬರುತ್ತಿದ್ದರು. ಅವರ ಬಳಿ ಪ್ರಮಾಣಪತ್ರವೇನೋ ಇತ್ತು.

ಕಾನೂನಿನ ಮಾತಿಗೆ ಬಂದರೆ, 2022ರ ಮೇ 2ರಂದು ಸುಪ್ರೀಂ ಕೋರ್ಟ್ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು. ಸಾರ್ವಜನಿಕ ಆರೋಗ್ಯಕ್ಕಾಗಿ ಸರ್ಕಾರ ಮಿತವಾದ ನಿರ್ಬಂಧ ಹೇರಬಹುದು ಎಂದೂ ಹೇಳಿತು. ಲಸಿಕೆ ಪಡೆಯದವರ ಮೇಲಿನ ನಿರ್ಬಂಧಗಳನ್ನು ಖಾಸಗಿ ಸಂಸ್ಥೆಗಳೂ ಮರುಪರಿಶೀಲಿಸಲಿ ಎಂಬ ಸಲಹೆ ಅದರಲ್ಲಿತ್ತು. ಅಷ್ಟು ಹೊತ್ತಿಗೆ ನಮ್ಮ ಗೇಟಿನಲ್ಲಿ ಪ್ರಮಾಣಪತ್ರ ಕೇಳುವುದು ತಾನಾಗಿಯೇ ನಿಂತುಹೋಗಿತ್ತು. ಕಂಪನಿಯ ಆದೇಶವನ್ನು ಮಾತ್ರ ಯಾರೂ ಹಿಂಪಡೆದಿರಲಿಲ್ಲ.