ಎರಡು ರೂಟರ್ ಇರುವ ಮನೆಯಲ್ಲಿ ಪ್ರಿಂಟರ್ ಯಾಕೆ ಕಾಣುವುದಿಲ್ಲ?

ಪ್ರಶ್ನೆ: ನಮ್ಮ ಮನೆಯಲ್ಲಿ ಕೆಳಗೆ ಒಂದು ರೂಟರ್ ಇದೆ. ಮಹಡಿಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ ಅಂತ ಇನ್ನೊಂದು ತಂದು, ಕೆಳಗಿನಿಂದ ಕೇಬಲ್ ಎಳೆದು ಹಾಕಿದೆ. ಇಂಟರ್ನೆಟ್ ಎರಡೂ ಕಡೆ ಚೆನ್ನಾಗಿದೆ. ಆದರೆ ಮಹಡಿಯ ವೈಫೈಗೆ ಸೇರಿಸಿದ ಪ್ರಿಂಟರ್ ಕೆಳಗಿನ ಲ್ಯಾಪ್‌ಟಾಪ್‌ಗೆ ಕಾಣುವುದೇ ಇಲ್ಲ. ಪ್ರಿಂಟರ್ ಕೆಟ್ಟಿದೆಯಾ?

ಉತ್ತರ: ಪ್ರಿಂಟರ್ ಕೆಟ್ಟಿರುವ ಲಕ್ಷಣ ಇದಲ್ಲ, ದಯವಿಟ್ಟು ಹೊಸದು ತರಬೇಡಿ. ನಿಮ್ಮ ಮನೆಯೊಳಗೆ ಗೊತ್ತಿಲ್ಲದೆ ಎರಡು ಬೇರೆ ಬೇರೆ ನೆಟ್‌ವರ್ಕ್ ಆಗಿರಬೇಕು.

ಮೊದಲು ಖಚಿತ ಮಾಡಿಕೊಳ್ಳಿ. ಫೋನನ್ನು ಕೆಳಗಿನ ವೈಫೈಗೆ ಸೇರಿಸಿ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಉಪಕರಣಕ್ಕೆ ಸಿಗುವ ನಂಬರ್) ನೋಡಿ, ಆಮೇಲೆ ಮಹಡಿಯದಕ್ಕೆ ಸೇರಿಸಿ ನೋಡಿ. ಒಂದು ಕಡೆ 192.168.0.5, ಇನ್ನೊಂದು ಕಡೆ 192.168.1.5, ಹೀಗೆ ಚುಕ್ಕಿಗಳ ನಡುವಿನ ಮೂರನೇ ಸಂಖ್ಯೆ ಬೇರೆ ಇದ್ದರೆ ಊಹೆ ಸರಿ. ಕೇಬಲ್ ಮಹಡಿಯ ರೂಟರ್‌ನ ವ್ಯಾನ್ ಪೋರ್ಟ್‌ಗೆ, ಅಂದರೆ ಹೊರಗಿನ ಇಂಟರ್ನೆಟ್ ಬರುವ ಕಿಂಡಿಗೆ ಹೋಗಿದೆ. ಆಗ ಅದು ಕೆಳಗಿನ ರೂಟರನ್ನೇ ಹೊರಗಿನ ಇಂಟರ್ನೆಟ್ ಅಂದುಕೊಂಡು ತನ್ನ ಹಿಂದಿನ ಉಪಕರಣಗಳನ್ನೆಲ್ಲ ಮರೆಮಾಡುತ್ತದೆ. ಮೇಲಿನಿಂದ ಕೆಳಗೆ ದಾರಿ ಇರುತ್ತದೆ, ಕೆಳಗಿನಿಂದ ಮೇಲಕ್ಕೆ ಇರುವುದಿಲ್ಲ. ‘ಇಲ್ಲಿ ಪ್ರಿಂಟರ್ ಇದೆಯಾ’ ಅಂತ ಲ್ಯಾಪ್‌ಟಾಪ್ ಕೂಗಿದರೂ ಆ ಕೂಗು ರೂಟರ್ ದಾಟುವುದಿಲ್ಲ.

ಮಹಡಿಯ ರೂಟರ್ ಬರೀ ವೈಫೈ ಕೊಟ್ಟರೆ ಸಾಕು. ಅದರ ಸೆಟ್ಟಿಂಗ್‌ನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಇದ್ದರೆ ಅದನ್ನೇ ಆರಿಸಿ, ಕೆಲಸ ಮುಗಿಯಿತು. ಇಲ್ಲದಿದ್ದರೆ ಕೈಯಾರೆ ಮಾಡಬೇಕು, ಕ್ರಮ ತಪ್ಪಬಾರದು. ಮೊದಲು ಮಹಡಿಯ ರೂಟರ್‌ನ ವಿಳಾಸವನ್ನು ಕೆಳಗಿನದರ ಸಾಲಿಗೆ ತನ್ನಿ. ಕೆಳಗಿನದು 192.168.0.1 ಆಗಿದ್ದರೆ ಇದಕ್ಕೆ 192.168.0.2 ಕೊಡಿ. ಕೆಳಗಿನ ರೂಟರ್ ಆ ವಿಳಾಸವನ್ನು ಬೇರೆ ಉಪಕರಣಕ್ಕೆ ಹಂಚದ ಹಾಗೆ ನೋಡಿಕೊಳ್ಳಿ. ಮಹಡಿಯದನ್ನು ರೀಸ್ಟಾರ್ಟ್ ಮಾಡಿ, ಹೊಸ ವಿಳಾಸದಲ್ಲೇ ಮತ್ತೆ ಸೆಟ್ಟಿಂಗ್ ಒಳಗೆ ಹೋಗಿ ಡಿಎಚ್‌ಸಿಪಿ (ಉಪಕರಣಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ. ಕೊನೆಗೆ ಕೇಬಲನ್ನು ವ್ಯಾನ್‌ನಿಂದ ತೆಗೆದು ಮನೆಯೊಳಗಿನ ಉಪಕರಣ ಜೋಡಿಸುವ ಲ್ಯಾನ್ ಪೋರ್ಟ್‌ಗೆ ಹಾಕಿ. ಡಿಎಚ್‌ಸಿಪಿ ಆಫ್ ಮಾಡುವ ಮೊದಲೇ ಕೇಬಲ್ ಬದಲಿಸಿದರೆ ಎರಡೂ ರೂಟರ್ ವಿಳಾಸ ಹಂಚಲು ಶುರು ಮಾಡುತ್ತವೆ. ಆಗ ಕೆಲವು ಉಪಕರಣ ಓಡುತ್ತವೆ, ಕೆಲವು ಓಡುವುದಿಲ್ಲ. ಹುಡುಕಿ ಸರಿಪಡಿಸಲು ತುಂಬಾ ಕಷ್ಟದ ತೊಂದರೆ ಅದು.

ಈಗ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ, ಅದಕ್ಕೆ ಹೊಸ ವಿಳಾಸ ಸಿಗಲಿ. ಲ್ಯಾಪ್‌ಟಾಪ್‌ನಿಂದ ಹಳೆಯ ಪ್ರಿಂಟರ್ ತೆಗೆದು ಮತ್ತೆ ಸೇರಿಸಿ. ಸುಮಾರು ಜನ ಇದನ್ನೇ ಮರೆಯುತ್ತಾರೆ. ಪ್ರಿಂಟರ್‌ನ ವಿಳಾಸ 169.254 ಅಂತ ಶುರುವಾದರೆ ಅದಕ್ಕೆ ರೂಟರ್‌ನಿಂದ ವಿಳಾಸವೇ ಸಿಕ್ಕಿಲ್ಲ ಅಂತ ಅರ್ಥ, ಕೇಬಲ್ ನೋಡಿ. ವಿಳಾಸ ಸರಿ ಇದ್ದೂ ಕಾಣದಿದ್ದರೆ, ಪ್ರಿಂಟರ್ ಅಥವಾ ಲ್ಯಾಪ್‌ಟಾಪ್ ಗೆಸ್ಟ್ ವೈಫೈಗೆ (ಅತಿಥಿಗಳಿಗೆಂದು ಇರುವ ಬೇರೆ ವೈಫೈಗೆ) ಸೇರಿದೆಯಾ ನೋಡಿ. ಗೆಸ್ಟ್ ವೈಫೈ ಸಾಮಾನ್ಯವಾಗಿ ಮನೆಯ ಬೇರೆ ಉಪಕರಣಗಳನ್ನು ಮುಟ್ಟಲು ಬಿಡುವುದಿಲ್ಲ.

ಎರಡೂ ವೈಫೈಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಡಬಹುದು. ಆದರೆ ಎಲ್ಲ ಸರಿಯಾಗುವವರೆಗೆ ಬೇರೆ ಬೇರೆ ಹೆಸರೇ ಇರಲಿ, ಯಾವುದಕ್ಕೆ ಸೇರಿದ್ದೀರಿ ಅಂತ ಗೊತ್ತಾಗಬೇಕಲ್ವಾ?