ಅಪ್ಪನ ಬಾಯಿ ಕ್ಯಾನ್ಸರ್‌ಗೆ ರೇಡಿಯೇಷನ್ ಶುರುವಾಗಲಿದೆ, ಜೊಲ್ಲು ಗ್ರಂಥಿ ಉಳಿಸಿಕೊಳ್ಳಲು ಮೊದಲೇ ಮಾತ್ರೆ ಇದೆಯಾ?

ತಂದೆಗೆ ಬಲಗೆನ್ನೆಯ ಆಪರೇಷನ್ ಆಗಿದೆ, 30 ಸಲ ಕರೆಂಟ್ (ರೇಡಿಯೇಷನ್) ಕೊಡಬೇಕು ಅಂದಿದ್ದಾರೆ, ಮುಂದಿನ ವಾರ ಮಾಸ್ಕ್ (ಕರೆಂಟ್ ಕೊಡುವಾಗ ತಲೆ ಅಲ್ಲಾಡದಂತೆ ಹಿಡಿದಿಡುವ ಮುಖಕವಚ) ಮಾಡಿಸಲು ಕರೆದಿದ್ದಾರೆ ಎಂದು ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ, ರೇಡಿಯೇಷನ್ ವಿಭಾಗದಲ್ಲಿ ಫಿಸಿಸಿಸ್ಟ್. ಯಾವ ಕಡೆಯಿಂದ ಎಷ್ಟು ಕಿರಣ ಬಿಡಬೇಕು ಎಂದು ಕಂಪ್ಯೂಟರಿನಲ್ಲಿ ಪ್ಲ್ಯಾನ್ ಹಾಕುವುದು ನನ್ನ ಕೆಲಸ. ನನ್ನ ಪ್ರಕಾರ ಗ್ರಂಥಿ ಉಳಿಯುವುದು ಮಾತ್ರೆಯಿಂದಲ್ಲ, ಪ್ಲ್ಯಾನ್‌ನಿಂದ. ಹಾಗಾಗಿ ನೀವು ಈಗಲೇ ಕೇಳಿದ್ದು ಒಳ್ಳೆಯದಾಯಿತು.

ಊಟ ಮಾಡುವಾಗ ಬರುವ ಜೊಲ್ಲಿನ ಹೆಚ್ಚು ಪಾಲು ಕಿವಿಯ ಮುಂದಿರುವ ಪರೋಟಿಡ್ ಗ್ರಂಥಿಯದು. ಮಂಗನಬಾವು ಬಂದಾಗ ಊದಿಕೊಳ್ಳುವುದು ಇದೇ. ಸುಮ್ಮನಿರುವಾಗ, ರಾತ್ರಿ ಮಲಗಿದಾಗ ಬಾಯಿ ಒದ್ದೆಯಾಗಿಡುವುದು ಮುಖ್ಯವಾಗಿ ದವಡೆ ಕೆಳಗಿನ ಗ್ರಂಥಿ. ಕುತ್ತಿಗೆಯ ಗಂಟುಗಳನ್ನು ತೆಗೆಯುವಾಗ ಬಲಗಡೆಯ ದವಡೆ ಗ್ರಂಥಿಯೂ ಸಾಮಾನ್ಯವಾಗಿ ಜೊತೆಗೇ ಹೋಗಿರುತ್ತದೆ. ಬಲ ಪರೋಟಿಡ್‌ಗೂ ಡೋಸ್ ಬೀಳುವುದೇ. ಉಳಿಸಬೇಕಾದದ್ದು ಎಡಗಡೆಯದು.

ಡಾಕ್ಟರನ್ನು ಹೀಗೆ ಕೇಳಿ: ‘ಕುತ್ತಿಗೆಯ ಎರಡೂ ಬದಿಗೆ ಕೊಡ್ತೀರಾ, ಒಂದೇ ಬದಿಗಾ? ಐಎಂಆರ್‌ಟಿನಾ? ಎಡ ಪರೋಟಿಡ್‌ಗೆ ಸರಾಸರಿ ಎಷ್ಟು ಬೀಳುತ್ತೆ?’ ಒಂದೇ ಬದಿಗೆ ಸಾಕು ಎಂದಾದರೆ ಎಡಗಡೆಯದಕ್ಕೆ ತೀರಾ ಕಡಿಮೆ ಬೀಳುತ್ತದೆ. ಎರಡೂ ಬದಿಗೆ ಬೇಕಾದರೆ, ಕನಿಷ್ಠ ಒಂದು ಪರೋಟಿಡ್‌ನ ಸರಾಸರಿಯನ್ನು 26 ಗ್ರೇ (ಕಿರಣದ ಡೋಸ್ ಅಳೆಯುವ ಮಾನ) ಒಳಗೆ, ಸಾಧ್ಯವಾದರೆ 20ರ ಒಳಗೆ, ಇಡಲು ನೋಡುತ್ತೇವೆ. ಆಪರೇಷನ್ ಆದ ಜಾಗಕ್ಕೆ ಹೋಗುವುದು ಸುಮಾರು 60 ಗ್ರೇ. ಐಎಂಆರ್‌ಟಿಯಲ್ಲಿ ಕಿರಣದ ಬಲವನ್ನು ಜಾಗಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಬಹುದು, ಅದಕ್ಕೇ ಇದು ಸಾಧ್ಯ. ಬ್ರಿಟನ್‌ನಲ್ಲಿ ಗಂಟಲಿನ ಕ್ಯಾನ್ಸರ್‌ನ 94 ಜನರ ಮೇಲೆ ನಡೆದ ಪಾರ್‌ಸ್ಪೋರ್ಟ್ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಹಳೇ ವಿಧಾನದಲ್ಲಿ ಒಂದು ವರ್ಷದ ನಂತರವೂ ಶೇ. 74 ಜನರಿಗೆ ಬಾಯಿ ಗಣನೀಯವಾಗಿ ಒಣಗಿತ್ತು. ಐಎಂಆರ್‌ಟಿಯಲ್ಲಿ ಅದು ಶೇ. 38. ಸೊನ್ನೆ ಅಲ್ಲ, ನೋಡಿ. ಕ್ಯಾನ್ಸರ್ ಇದ್ದ ಜಾಗಕ್ಕೆ ಡೋಸ್ ಕಡಿಮೆ ಮಾಡಿ ಗ್ರಂಥಿ ಉಳಿಸುವ ಪ್ಲ್ಯಾನ್ ಅನ್ನು ಮಾತ್ರ ಯಾರೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಮಾತ್ರೆ ವಿಷಯ. ಅಮಿಫಾಸ್ಟಿನ್ ಎಂಬ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 1999ರಲ್ಲೇ ಇದಕ್ಕಾಗಿ ಒಪ್ಪಿಗೆ ಸಿಕ್ಕಿದೆ. ಆದರೆ ಪ್ರತಿದಿನ ಕರೆಂಟ್‌ಗೆ ಮೊದಲು ನರಕ್ಕೆ ಕೊಡಬೇಕು, ವಾಂತಿ ಬರುತ್ತದೆ, ಬಿಪಿ ಇಳಿಯುತ್ತದೆ. ಬಳಕೆ ಕಡಿಮೆ. ಪೈಲೊಕಾರ್ಪಿನ್ ಮಾತ್ರೆ ಉಳಿದ ಗ್ರಂಥಿಯಿಂದ ಜೊಲ್ಲು ಬರಿಸುತ್ತದೆ, ಅಷ್ಟೇ. ಏನೂ ಉಳಿದಿಲ್ಲದಿದ್ದರೆ ಅದರಿಂದ ಏನು ಪ್ರಯೋಜನ? ಹತೋಟಿಗೆ ಬಾರದ ಆಸ್ತಮಾ ಇದ್ದವರಿಗೆ, ಕೆಲವು ಬಗೆಯ ಗ್ಲಾಕೋಮಾ ಇದ್ದವರಿಗೆ ಅದು ಆಗುವುದಿಲ್ಲ.

ಜನ ಹಗುರವಾಗಿ ತೆಗೆದುಕೊಳ್ಳುವುದು ತೂಕವನ್ನು. ಬಾಯಿ ಹುಣ್ಣಾಗಿ ಊಟ ಬಿಟ್ಟರೆ ಮುಖ ಸೊರಗುತ್ತದೆ, ಮಾಸ್ಕ್ ಸಡಿಲವಾಗುತ್ತದೆ. ಕರೆಂಟ್ ಕೊಡುತ್ತಾ ಹೋದಂತೆ ಪರೋಟಿಡ್ ತಾನೂ ಕುಗ್ಗಿ ಒಳಗಡೆಗೆ, ಅಂದರೆ ಜಾಸ್ತಿ ಡೋಸ್ ಇರುವ ಕಡೆಗೆ, ಸರಿಯುತ್ತದೆ. ಮೊದಲ ದಿನದ ಲೆಕ್ಕ ನಾಲ್ಕನೇ ವಾರಕ್ಕೆ ನಿಲ್ಲದೆ ಹೋಗಬಹುದು. ಮಾಸ್ಕ್ ಅಲ್ಲಾಡುತ್ತಿದೆ ಅನ್ನಿಸಿದರೆ ಅವತ್ತೇ ಹೇಳಿ. ಬೇಕಾದರೆ ಮತ್ತೆ ಸ್ಕ್ಯಾನ್ ಮಾಡಿ ಪ್ಲ್ಯಾನ್ ಬದಲಿಸುತ್ತಾರೆ. ನುಂಗಲು ಆಗದಿದ್ದರೆ ಮೂಗಿನ ಟ್ಯೂಬ್ ಹಾಕಿಸಿಕೊಳ್ಳಲು ಹಿಂಜರಿಯಬೇಡಿ.

ಹಲ್ಲಿನ ಡಾಕ್ಟರಿಗೆ ಈ ವಾರವೇ ತೋರಿಸಿ. ಕೀಳಬೇಕಾದ ಹಲ್ಲು ಈಗಲೇ ಕೀಳಿಸಿ, ಗಾಯ ಮಾಯಲು ಎರಡು ವಾರವಾದರೂ ಬೇಕು. ಕರೆಂಟ್ ಆದ ಮೇಲೆ ಕಿತ್ತರೆ ದವಡೆ ಮೂಳೆ ಕೊಳೆಯುವ ಅಪಾಯವಿದೆ. ಜೊಲ್ಲು ಕಡಿಮೆಯಾದರೆ ಹುಳುಕು ಬೇಗ ಹಿಡಿಯುತ್ತದೆ, ಫ್ಲೋರೈಡ್ ಬಗ್ಗೆಯೂ ಅವರನ್ನೇ ಕೇಳಿ. ಜೊಲ್ಲು ಬರಲಿ ಎಂದು ನಿಂಬೆ, ಹುಣಸೆ ಚೀಪಿಸಬೇಡಿ, ಹುಣ್ಣು ಉರಿಯುತ್ತದೆ, ಹಲ್ಲೂ ಹಾಳು. ಅಡಿಕೆ, ಗುಟ್ಕಾ ಪೂರ್ತಿ ಬಂದ್.

ಎಡ ಪರೋಟಿಡ್‌ನ ಡೋಸ್ ಕಡಿಮೆ ಇದ್ದರೆ ಜೊಲ್ಲು ಒಂದೆರಡು ವರ್ಷದಲ್ಲಿ ನಿಧಾನವಾಗಿ ಸುಧಾರಿಸುತ್ತದೆ. ಪ್ಲ್ಯಾನ್ ಆದ ಮೇಲೆ ಆ ಸಂಖ್ಯೆಯನ್ನು ಇಲ್ಲಿ ಹಾಕಿ, ಅದರ ಅರ್ಥ ಏನು ಎಂದು ಬಿಡಿಸಿ ಹೇಳುತ್ತೇನೆ.