ಹೋಮ್ ಥಿಯೇಟರ್: ಮೊದಲು ಕೋಣೆ, ಆಮೇಲೆ ಸಲಕರಣೆ

ಪ್ರಶ್ನೆ: ನಮ್ಮ ಮನೆಯ ಮಹಡಿಯಲ್ಲಿ 14 ಅಡಿ ಉದ್ದ, 10 ಅಡಿ ಅಗಲದ ಕೋಣೆಯೊಂದು ಖಾಲಿಯಿದೆ. ಅದನ್ನು ನಾನೇ ಹೋಮ್ ಥಿಯೇಟರ್ ಆಗಿ ಮಾಡಿಕೊಳ್ಳಬೇಕೆಂದಿದ್ದೇನೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ನೆರೆಮನೆಗೆ ಸದ್ದು ಹೋಗುವುದಿಲ್ಲವೆಂದು ಸ್ನೇಹಿತರು ಹೇಳುತ್ತಾರೆ, ನಿಜವೇ? 120 ಇಂಚಿನ ಪರದೆ ಹಾಕಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊಟ್ಟೆ ಟ್ರೇಯನ್ನು ದಯವಿಟ್ಟು ಅಂಟಿಸಬೇಡಿ. ಕಾಗದದ ತಿರುಳಿನಿಂದ ಮಾಡಿದ ಆ ಹಗುರ ವಸ್ತುವಿಗೆ ಸದ್ದನ್ನು ತಡೆಯುವ ಶಕ್ತಿಯಿಲ್ಲ. ಮೇಲಾಗಿ, ವಿದ್ಯುತ್ ತಂತಿಗಳಿರುವ ಮುಚ್ಚಿದ ಕೋಣೆಯಲ್ಲಿ ಅದು ಬಲುಬೇಗ ಹೊತ್ತಿಕೊಳ್ಳುತ್ತದೆ. ಸದ್ದನ್ನು ತಡೆಯುವುದು ಗೋಡೆಯ ತೂಕ ಮತ್ತು ಎಲ್ಲಿಯೂ ಸಂದಿಲ್ಲದಂತೆ ಮುಚ್ಚಿರುವುದು. 9 ಇಂಚಿನ ಇಟ್ಟಿಗೆ ಗೋಡೆಗೆ ಎರಡೂ ಬದಿ ಗಾರೆಯಾಗಿದ್ದರೆ ಗೋಡೆಯ ಚಿಂತೆ ಬಿಡಿ. ಸದ್ದು ಸೋರುವುದು ಬಾಗಿಲು, ಕಿಟಕಿಗಳಲ್ಲಿ. ಟೊಳ್ಳು ಬಾಗಿಲನ್ನು ತೆಗೆಸಿ ಗಟ್ಟಿಯಾದ ಫ್ಲಷ್ ಡೋರ್ ಕೂರಿಸಿ, ಚೌಕಟ್ಟಿನ ಸುತ್ತ ರಬ್ಬರ್ ಪಟ್ಟಿ ಅಂಟಿಸಿ. ರಾತ್ರಿ ಒಳಗೆ ದೀಪ ಹಾಕಿ ಹೊರಗೆ ನಿಂತು ನೋಡಿದಾಗ ಬಾಗಿಲಡಿಯಲ್ಲಿ ಬೆಳಕಿನ ಗೆರೆ ಕಂಡರೆ ಸದ್ದಿಗೂ ಅದೇ ದಾರಿ. ಇಷ್ಟು ಮಾಡಿದರೂ ಸಬ್‌ವೂಫರಿನ ತಗ್ಗುಸ್ವರ ಸ್ವಲ್ಪ ಹೊರಬೀಳುತ್ತದೆಯಾದ್ದರಿಂದ ಹೊತ್ತು ಮೀರಿದ ಮೇಲೆ ಅದನ್ನು ತಗ್ಗಿಸಿಡುವುದು ನೆರೆಹೊರೆಯವರಿಗೆ ಸಲ್ಲಬೇಕಾದ ಮರ್ಯಾದೆ.

ಕೋಣೆಯೊಳಗಿನ ಮಾರ್ದನಿ ಬೇರೆಯೇ ಸಮಸ್ಯೆ. ಬರಿಗೋಡೆಯ ಕೋಣೆಯಲ್ಲಿ ಎಷ್ಟೇ ದುಬಾರಿ ಸ್ಪೀಕರ್ ಇಟ್ಟರೂ ಮಾತು ಕಲಸಿಹೋಗುತ್ತದೆ. ಆದ್ದರಿಂದಲೇ ಸಲಕರಣೆಗಿಂತ ಮೊದಲು ಕೋಣೆಗೆ ಹಣ ತೆಗೆದಿಡಿ ಎಂದು ಒತ್ತಿ ಹೇಳುತ್ತೇನೆ. ತೆಳುವಾದ ಫೋಮ್ ಹಾಳೆ ಏರುಸ್ವರಗಳನ್ನು ಮಾತ್ರ ಹೀರುತ್ತದೆ. 4 ಅಡಿ ಎತ್ತರ, 2 ಅಡಿ ಅಗಲದ ಮರದ ಚೌಕಟ್ಟಿನಲ್ಲಿ 2 ಇಂಚು ದಪ್ಪದ ರಾಕ್‌ವೂಲ್ (ಕಲ್ಲನ್ನು ಕರಗಿಸಿ ಎಳೆದ ನಾರಿನ) ಹಲಗೆಯನ್ನು ಕೂರಿಸಿ, ಮೇಲೆ ಹತ್ತಿಬಟ್ಟೆ ಬಿಗಿದು, ಗೋಡೆಯಿಂದ 2 ಇಂಚು ಬಿಟ್ಟು ತೂಗುಹಾಕಿದರೆ ಪರಿಣಾಮ ಬಹಳ ಚೆನ್ನಾಗಿರುತ್ತದೆ. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿದರೆ ಗಾಳಿ ಸರಾಗವಾಗಿ ದಾಟಬೇಕು. ರಾಕ್‌ವೂಲ್ ಕತ್ತರಿಸುವಾಗ ಕೈಗವಸು, ಮಾಸ್ಕ್ ತಪ್ಪದೆ ಧರಿಸಿ. ಇದನ್ನು ಎಲ್ಲಿ ಹಾಕಬೇಕೆಂಬುದಕ್ಕೆ ಸುಲಭ ಉಪಾಯವಿದೆ: ನೀವು ಆಸನದಲ್ಲಿ ಕುಳಿತಿರಿ; ಮನೆಯವರೊಬ್ಬರು ಪಕ್ಕದ ಗೋಡೆಗೆ ಕನ್ನಡಿಯೊಂದನ್ನು ಒತ್ತಿ ಹಿಡಿದು ನಿಮ್ಮ ಕಿವಿಯ ಎತ್ತರದಲ್ಲಿ ಮೆಲ್ಲನೆ ಸರಿಸುತ್ತ ಹೋಗಲಿ; ಕನ್ನಡಿಯಲ್ಲಿ ಸ್ಪೀಕರ್ ಕಂಡಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಹಲಗೆ ಬರಬೇಕಾದ್ದು ಅಲ್ಲೇ.

120 ಇಂಚಿನ ಪರದೆ ನಿಮ್ಮ ಕೋಣೆಗೆ ಹೆಚ್ಚಾಯಿತು. ಈ ಅಳತೆ ಮೂಲೆಯಿಂದ ಮೂಲೆಗೆ; ಅದರ ಅಗಲವೇ ಸುಮಾರು 8 ಅಡಿ 9 ಇಂಚು ಆಗುವುದರಿಂದ ಸ್ಪೀಕರ್‌ಗಳಿಗೆ ಎರಡೂ ಕಡೆ ಜಾಗ ಉಳಿಯದು. 100 ಇಂಚಿನದಾದರೆ ಅಗಲ 7 ಅಡಿ 3 ಇಂಚು. ಇಕ್ಕೆಲಗಳಲ್ಲಿ 16 ಇಂಚು ಸಿಗುತ್ತದೆ. ಆಸನವನ್ನು ಪರದೆಯಿಂದ ಸುಮಾರು 10 ಅಡಿ ದೂರದಲ್ಲಿಡಿ, ಹಿಂಗೋಡೆಗೆ ತಾಗಿಸಬೇಡಿ. ಪ್ರೊಜೆಕ್ಟರ್ ಕೊಳ್ಳುವಾಗ ಅದರ ಥ್ರೋ ರೇಶಿಯೋ ಕೇಳಿ: ಅದು 1.5 ಇದ್ದರೆ, ಪರದೆಯ ಅಗಲದ ಒಂದೂವರೆ ಪಟ್ಟು, ಅಂದರೆ ಹೆಚ್ಚುಕಡಿಮೆ 11 ಅಡಿ ದೂರದಲ್ಲಿ ತೂಗುಹಾಕಬೇಕಾಗುತ್ತದೆ. ಆಗ ಅದು ತಲೆಯ ಮೇಲೆಯೇ ಬರುವುದರಿಂದ ಫ್ಯಾನಿನ ಸದ್ದು ಕಡಿಮೆಯಿರುವುದನ್ನೇ ಆರಿಸಿ. ತಾರಸಿಯ ಒಳಮೈಗೆ ಹೊಳಪಿಲ್ಲದ ಗಾಢ ಬಣ್ಣ ಬಳಿಯಿರಿ. ಬಿಳಿಯಿದ್ದರೆ ಅದರ ಮೇಲೆ ಬಿದ್ದ ಬೆಳಕು ಪರದೆಗೆ ಮರಳಿ ಚಿತ್ರದ ಕಪ್ಪು ಭಾಗ ಬೂದುಬಣ್ಣವಾಗಿ ಕಾಣುತ್ತದೆ.

ಬಣ್ಣಕ್ಕೆ ಮುಂಚೆಯೇ, ಪ್ರೊಜೆಕ್ಟರಿಗೆ ಚಿತ್ರ ಒಯ್ಯುವ ಎಚ್‌ಡಿಎಂಐ ತಂತಿಯ ತಲೆ ಸಲೀಸಾಗಿ ತೂರುವಷ್ಟು ಅಗಲದ ಪೈಪ್ ಹಾಕಿಸಿ, ಮುಂದೆ ತಂತಿ ಬದಲಿಸುವಾಗ ಗೋಡೆ ಒಡೆಯಬೇಕಾಗುವುದಿಲ್ಲ. ವಿದ್ಯುತ್ ಸಂಪರ್ಕ ಮತ್ತು ಅರ್ಥಿಂಗ್ ಕೆಲಸವನ್ನು ಮಾತ್ರ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೇ ಬಿಡಿ.

ಪ್ರಶ್ನೆ: ನಮ್ಮ ಹಾಲ್‌ಗೆ ದೊಡ್ಡ ಕಿಟಕಿಗಳಿವೆ, ಹಗಲಿನಲ್ಲೂ ಸಿನಿಮಾ ನೋಡುತ್ತೇವೆ. ಪ್ರೊಜೆಕ್ಟರ್ ಒಳ್ಳೆಯದೇ, ಟಿ.ವಿ.ಯೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಕತ್ತಲು ಮಾಡಲಾಗದ ಕೋಣೆಗೆ ಟಿ.ವಿ.ಯೇ ಸರಿ. ಉಳಿದ ಹಣದಲ್ಲಿ ಪರದೆಯ ನಡುಭಾಗಕ್ಕೆ ಸರಿಯಾಗಿ ಇಡುವ ಒಳ್ಳೆಯ ಸೆಂಟರ್ ಸ್ಪೀಕರ್ ಕೊಳ್ಳಿ; ಸಿನಿಮಾದ ಸಂಭಾಷಣೆಯ ಬಹುಪಾಲು ಬರುವುದು ಅದರಿಂದಲೇ.